ಗಿಡಕ್ಕೆ ಹೂ ಬಿಡೋ ಹೊತ್ತು ಹೇಗೆ ಗೊತ್ತಾಗುತ್ತೆ? – ಎರಡು ಅವರೆಗಳ ಪಾಠ

ಕನ್ನಡ ಸಂಘದ ಮೀಟಿಂಗ್ ಮುಗಿಸಿ ಕ್ಯಾಂಟೀನ್‌ನಲ್ಲಿ ಕೂತಿದ್ದೆವು. ಸೆಕೆಂಡ್ ಇಯರ್ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ಯಾವುದೋ ಹೊರದೇಶದವನೊಬ್ಬ ಮನೆಯೊಳಗೆ ಗಾಂಜಾ ಗಿಡ ಬೆಳೆಸುವ ವಿಡಿಯೋ. “ಅಣ್ಣ, ಇವನು ಆಟೋಫ್ಲವರ್ ಅಂತಾನೆ, ಫೋಟೋಪೀರಿಯಡ್ ಅಂತಾನೆ. ಒಂದೇ ಜಾತಿ ಗಿಡ ಅಲ್ವಾ? ಒಂದು ತಾನಾಗೇ ಹೂ ಬಿಡುತ್ತೆ, ಇನ್ನೊಂದಕ್ಕೆ ಲೈಟ್ ಟೈಮರ್ ಬೇಕು ಅಂದ್ರೆ ಏನರ್ಥ?” ಎಲ್ಲರೂ ನಕ್ಕರು. ಅವನು ಮಾತ್ರ ಸೀರಿಯಸ್ ಆಗಿಯೇ ಕೇಳಿದ್ದ.

ಮೊದಲು ಕಾನೂನಿನ ಮಾತು ಹೇಳಿ ಮುಗಿಸುತ್ತೇವೆ. ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸುವುದೇ ಅಪರಾಧ. 20ನೇ ಕಲಮಿನಲ್ಲಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. “ಒಂದೇ ಕುಂಡ, ಹಾಸ್ಟೆಲ್ ರೂಮು, ಸುಮ್ನೆ ಪ್ರಯೋಗ” ಅನ್ನುವ ವಿನಾಯಿತಿ ಅದರಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಆ ಗಿಡ ಬೆಳೆಸುವ ವಿಧಾನ ಈ ಲೇಖನದಲ್ಲಿ ಸಿಗುವುದಿಲ್ಲ.

ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಜನವರಿಯಲ್ಲಿ ನಮ್ಮ ಮೆಸ್ಸಿನ ಸಾರಿನಲ್ಲಿ ತೇಲುವ ಅವರೆಕಾಳಿನಲ್ಲೇ ಉತ್ತರ ಇದೆ. ನಾಟಿ ಅವರೆ ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ ಬರುತ್ತದೆ. ಹೆಬ್ಬಾಳ ಅವರೆ ಎಂಬ ತಳಿಗಳು ಯಾವ ತಿಂಗಳು ಬಿತ್ತಿದರೂ ಕಾಯಿ ಕೊಡುತ್ತವೆ. ಆ ಹುಡುಗ ಕೇಳಿದ ವ್ಯತ್ಯಾಸ ಇದೇ. ಬೆಳೆಸಿದರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಕೊನೆಗೆ ಸಾರಾದರೂ ಆಗುತ್ತದೆ.

ಹಗಲು ಎಷ್ಟು ಬದಲಾಗುತ್ತೆ?

ಹೂ ಬಿಡುವುದು ಗಿಡಕ್ಕೆ ದೊಡ್ಡ ನಿರ್ಧಾರ. ಅಲ್ಲಿಯವರೆಗೆ ಎಲೆ, ಕಾಂಡ ಅಂತ ಕೂಡಿಟ್ಟದ್ದನ್ನೆಲ್ಲ ಇನ್ನು ಬೀಜಕ್ಕೆ ಸುರಿಯಬೇಕು. ತಪ್ಪು ಹೊತ್ತಿನಲ್ಲಿ ಶುರು ಮಾಡಿದರೆ ಮಳೆಗೆ ಹೂ ಉದುರಬಹುದು, ಬರಕ್ಕೆ ಕಾಯಿ ಒಣಗಬಹುದು. ಹಾಗಾದರೆ ಯಾವ ಸೂಚನೆಯನ್ನು ನಂಬುವುದು? ಮಳೆ ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ತಡ. ಚಳಿಯೂ ಹಾಗೇ. ಪ್ರತಿ ವರ್ಷ ಒಂದೇ ಥರ ಬರುವ ಸಿಗ್ನಲ್ ಅಂದರೆ ಹಗಲಿನ ಉದ್ದ ಒಂದೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಯ್ಸ್ ಇಲ್ಲದ ಇನ್‌ಪುಟ್.

ಅದು ಎಷ್ಟು ಬದಲಾಗುತ್ತದೆ ಅಂತ ಲೆಕ್ಕ ಹಾಕೋಣ. ಸೂತ್ರ ಸುಲಭ: ಕಾಸ್ ಎಚ್ = − ಟ್ಯಾನ್ (ಅಕ್ಷಾಂಶ) × ಟ್ಯಾನ್ (ಸೂರ್ಯನ ಡಿಕ್ಲಿನೇಶನ್). ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಜೂನ್ 21ರಂದು ಡಿಕ್ಲಿನೇಶನ್ 23.44 ಡಿಗ್ರಿ. ಎರಡು ಟ್ಯಾನ್‌ಗಳ ಗುಣಲಬ್ಧ ಸುಮಾರು 0.1. ಎಚ್ ಸುಮಾರು 95.7 ಡಿಗ್ರಿ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ, ಗಂಟೆಗೆ 15 ಡಿಗ್ರಿಯಂತೆ ಭಾಗಿಸಿದರೆ 12 ಗಂಟೆ 46 ನಿಮಿಷ. ವಾತಾವರಣ ಬೆಳಕನ್ನು ಬಗ್ಗಿಸುವುದರಿಂದ, ಸೂರ್ಯ ಬಿಂದುವಲ್ಲ ತಟ್ಟೆಯಾದ್ದರಿಂದ ಇನ್ನೊಂದು 7 ನಿಮಿಷ ಸೇರುತ್ತದೆ. ಹೀಗೆ ವರ್ಷದ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ. ಡಿಸೆಂಬರ್ 21ಕ್ಕೆ ಇದೇ ಲೆಕ್ಕ ಮಾಡಿದರೆ ಸುಮಾರು 11 ಗಂಟೆ 22 ನಿಮಿಷ.

ಅಂದರೆ ಇಡೀ ವರ್ಷದಲ್ಲಿ ನಮ್ಮೂರಿನ ಹಗಲು ಹಿಗ್ಗಿ ಕುಗ್ಗುವುದು ಒಂದೂವರೆ ಗಂಟೆ ಅಷ್ಟೇ. ಸೆಪ್ಟೆಂಬರ್ ಕೊನೆಯಲ್ಲಿ, ಬದಲಾವಣೆ ಅತಿ ಜೋರಾಗಿರುವಾಗಲೂ, ದಿನಕ್ಕೆ ಒಂದು ನಿಮಿಷವೂ ಇಲ್ಲ. ದೆಹಲಿಯಲ್ಲಿ ಜೂನ್ ಹಗಲು ಸುಮಾರು 14 ಗಂಟೆ ಇರುತ್ತದೆ. ಅಲ್ಲಿಯ ಗಿಡಕ್ಕೆ ಸಿಗುವಷ್ಟು ದೊಡ್ಡ ಸಿಗ್ನಲ್ ನಮ್ಮ ಅವರೆಗೆ ಸಿಗುವುದಿಲ್ಲ. ಆದರೂ ಜೂನ್‌ನಲ್ಲಿ ಬಿತ್ತಿದ ನಾಟಿ ಅವರೆ, ಆಗಸ್ಟ್‌ನಲ್ಲಿ ಬಿತ್ತಿದ ನಾಟಿ ಅವರೆ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ದೀಪಾವಳಿಯ ಆಸುಪಾಸಿನಲ್ಲಿ, ಹೂವಿಗೆ ಬರುತ್ತವೆ.

ಗಿಡ ಎಣಿಸೋದು ರಾತ್ರಿಯನ್ನ

ಈ ವಿಷಯ ಮೊದಲು ಸರಿಯಾಗಿ ಬೆಳಕಿಗೆ ಬಂದದ್ದು ಹೊಗೆಸೊಪ್ಪಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳಿಗೆ ‘ಮೇರಿಲ್ಯಾಂಡ್ ಮ್ಯಾಮತ್’ ಅನ್ನುವ ತಳಿಯದ್ದೇ ತಲೆನೋವು. ಬೇಸಿಗೆಯ ಹೊಲದಲ್ಲಿ ಅದು ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಅದೇ ತಳಿ ಚಿಕ್ಕದಿರುವಾಗಲೇ ಹೂ ಬಿಡುತ್ತಿತ್ತು. ತಾಪಮಾನ, ಗೊಬ್ಬರ, ನೀರು ಎಲ್ಲ ಬದಲಿಸಿ ನೋಡಿದರು. ಕೊನೆಗೆ ಬೇಸಿಗೆಯಲ್ಲೇ ಗಿಡಗಳನ್ನು ದಿನಕ್ಕೆ ಕೆಲವು ಗಂಟೆ ಕತ್ತಲ ಗೂಡಿನಲ್ಲಿಟ್ಟು ಹಗಲನ್ನು ಮೊಟಕು ಮಾಡಿದರು. ಗಿಡ ಹೂ ಬಿಟ್ಟಿತು. 1920ರಲ್ಲಿ ಇದನ್ನು ಪ್ರಕಟಿಸಿ ‘ಫೋಟೋಪೀರಿಯಡಿಸಂ’ ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ಇದೇ ‘ದ್ಯುತಿ ಅವಧಿ’. ಹಗಲು ಚಿಕ್ಕದಾದಾಗ ಹೂ ಬಿಡುವವು ಹ್ರಸ್ವ ದಿನದ ಸಸ್ಯಗಳು, ಉದ್ದವಾದಾಗ ಬಿಡುವವು ದೀರ್ಘ ದಿನದ ಸಸ್ಯಗಳು, ಲೆಕ್ಕಕ್ಕೇ ಇಡದವು ದಿನ ತಟಸ್ಥ ಸಸ್ಯಗಳು.

ಹೆಸರು ‘ದಿನ’ದ ಮೇಲಿದ್ದರೂ ಗಿಡ ಅಳೆಯುವುದು ಮುಖ್ಯವಾಗಿ ರಾತ್ರಿಯನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇದನ್ನು ತೋರಿಸಿದರು. ಅವರು ಬಳಸಿದ್ದು ಕ್ಸಾಂಥಿಯಂ – ಹೊಲದ ಬದುವಿನಲ್ಲಿ ಓಡಾಡಿದರೆ ಪ್ಯಾಂಟಿಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಗಿಡ. ಹಗಲಿನ ಮಧ್ಯೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಅದಕ್ಕೆ ಏನೂ ಆಗಲಿಲ್ಲ. ಉದ್ದನೆಯ ರಾತ್ರಿಯ ಮಧ್ಯೆ ಕೆಲವೇ ನಿಮಿಷ ಬೆಳಕು ಹಾಕಿದರೆ ಹೂವೇ ಬರಲಿಲ್ಲ. ಅಖಂಡ ಕತ್ತಲು ಬೇಕು. ಮಧ್ಯದಲ್ಲಿ ಕಡಿದರೆ ಆ ರಾತ್ರಿ ಲೆಕ್ಕಕ್ಕಿಲ್ಲ.

ಈ ತತ್ವ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಬೆಳೆಗಾರರಿಗೆ ನಮಗಿಂತ ಚೆನ್ನಾಗಿ ಗೊತ್ತು. ರಾತ್ರಿ ಬಸ್ಸಿನಲ್ಲಿ ಆ ದಾರಿಯಲ್ಲಿ ಬಂದವರು ನೋಡಿರುತ್ತೀರಿ: ಹೊಲದ ತುಂಬ ಸಾಲಾಗಿ ಬಲ್ಬು ಉರಿಯುತ್ತಿರುತ್ತವೆ. ಅದು ಹಬ್ಬದ ಅಲಂಕಾರ ಅಲ್ಲ, ಕಳ್ಳರ ಕಾವಲೂ ಅಲ್ಲ. ಸೇವಂತಿಗೆ ಹ್ರಸ್ವ ದಿನದ ಗಿಡ. ರಾತ್ರಿ ಉದ್ದವಾಗುವ ಕಾಲದಲ್ಲಿ ನೆಟ್ಟರೆ ಗೇಣುದ್ದ ಇರುವಾಗಲೇ ಮೊಗ್ಗು ಬಿಟ್ಟು ಇಳುವರಿ ಕಳೆಯುತ್ತದೆ. ಬಲ್ಬು ಹಾಕಿ ರಾತ್ರಿಯನ್ನು ಕಡಿದರೆ ಗಿಡ ಬೆಳೆಯುತ್ತ ಹೋಗುತ್ತದೆ. ಸಾಕಷ್ಟು ಕೊಂಬೆ ಬಂದ ಮೇಲೆ ದೀಪ ಆರಿಸುತ್ತಾರೆ, ಆಮೇಲೆ ಹೂವು.

ಸೆನ್ಸರ್ ಎಲ್ಲಿದೆ?

ಸೆನ್ಸರ್ ಇರುವುದು ಎಲೆಯಲ್ಲಿ. ಅದರ ಹೆಸರು ಫೈಟೋಕ್ರೋಮ್. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತವರ ಜೊತೆಗಾರರು 1950ರ ದಶಕದಲ್ಲಿ ಇದನ್ನು ಬೆನ್ನಟ್ಟಿ ಹಿಡಿದರು. ಈ ಪ್ರೋಟೀನಿಗೆ ಎರಡು ಸ್ಥಿತಿಗಳಿವೆ. ಸುಮಾರು 660 ನ್ಯಾನೋಮೀಟರ್‌ನ ಕೆಂಪು ಬೆಳಕು ಬಿದ್ದರೆ ಒಂದು ಸ್ಥಿತಿಗೆ ಹೋಗುತ್ತದೆ, ಸುಮಾರು 730 ನ್ಯಾನೋಮೀಟರ್‌ನ ದೂರಕೆಂಪು ಬಿದ್ದರೆ ವಾಪಸ್ ಬರುತ್ತದೆ. ಸೆಟ್, ರೀಸೆಟ್ ಎರಡೂ ಬೆಳಕೇ ಆಗಿರುವ ಫ್ಲಿಪ್‌ಫ್ಲಾಪ್ ಅಂದುಕೊಳ್ಳಿ. ರಾತ್ರಿಯ ಮಧ್ಯೆ ಕೆಂಪು ಬೆಳಕು ಹಾಕಿದರೆ ಹೂ ತಪ್ಪುತ್ತದೆ. ತಕ್ಷಣ ದೂರಕೆಂಪು ಹಾಕಿದರೆ ಮತ್ತೆ ಹೂ ಬರುತ್ತದೆ. ಕೊನೆಯಲ್ಲಿ ಯಾವುದು ಬಿತ್ತೋ ಅದೇ ನಿಲ್ಲುತ್ತದೆ.

ಕತ್ತಲಲ್ಲಿ ಫೈಟೋಕ್ರೋಮ್ ತಾನಾಗಿ ನಿಧಾನಕ್ಕೆ ಹಳೆ ಸ್ಥಿತಿಗೆ ಮರಳುತ್ತದೆ. ಇದನ್ನು ನೋಡಿ, ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಸಮಯವನ್ನೇ ಗಿಡ ಟೈಮರ್ ಮಾಡಿಕೊಂಡಿದೆ ಅಂತ ಮೊದಲು ಭಾವಿಸಿದ್ದರು. ಅಷ್ಟು ಸರಳವಾಗಿಲ್ಲ. ಆ ಮರಳುವಿಕೆ ಕೆಲವೇ ಗಂಟೆಯಲ್ಲಿ ಮುಗಿದುಹೋಗುತ್ತದೆ, ಹನ್ನೆರಡು ಗಂಟೆಯ ರಾತ್ರಿ ಅಳೆಯಲು ಅದು ಸಾಲದು. ನಿಜವಾದ ಗಡಿಯಾರ ಜೀವಕೋಶದೊಳಗಿನ 24 ಗಂಟೆಯ ಲಯ. ಆ ಗಡಿಯಾರ ದಿನದ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಕಿಟಕಿ ತೆರೆಯುತ್ತದೆ. ಕಿಟಕಿ ತೆರೆದಿರುವಾಗ ಬೆಳಕು ಇದೆಯಾ ಇಲ್ಲವಾ ಅಂತ ಫೈಟೋಕ್ರೋಮ್ ಹೇಳುತ್ತದೆ. ಎರಡು ಇನ್‌ಪುಟ್‌ನ ಆ್ಯಂಡ್ ಗೇಟ್: ಕಿಟಕಿಯೂ ತೆರೆದು ಬೆಳಕೂ ಇದ್ದರೆ ‘ಇದು ಉದ್ದ ಹಗಲು’, ಹ್ರಸ್ವ ದಿನದ ಗಿಡ ಹೂವನ್ನು ತಡೆಹಿಡಿಯುತ್ತದೆ. ಬ್ಯೂನಿಂಗ್ ಎಂಬ ಜರ್ಮನ್ ವಿಜ್ಞಾನಿ 1936ರಲ್ಲೇ ಈ ಧಾಟಿಯ ಊಹೆ ಮಂಡಿಸಿದ್ದ.

ಎಲೆಯಲ್ಲಿ ತೀರ್ಮಾನವಾದ ಮೇಲೆ ಸುದ್ದಿ ಕುಡಿಗೆ ತಲುಪಬೇಕು. ಈ ಸುದ್ದಿಗೆ ರಷ್ಯಾದ ಚೈಲಾಖ್ಯಾನ್ 1930ರ ದಶಕದಲ್ಲೇ ‘ಫ್ಲೋರಿಜೆನ್’ ಅಂತ ಹೆಸರಿಟ್ಟಿದ್ದರು. ಅದು ಏನು ಅಂತ ಸಿಕ್ಕಿದ್ದು ಬಹಳ ತಡವಾಗಿ. ಎಫ್‌ಟಿ ಎಂಬ ಪುಟ್ಟ ಪ್ರೋಟೀನ್ ಎಲೆಯಿಂದ ಕುಡಿಗೆ ಪ್ರಯಾಣ ಮಾಡುತ್ತದೆ ಎಂಬುದನ್ನು 2007ರಲ್ಲಿ ಅರಾಬಿಡಾಪ್ಸಿಸ್ ಗಿಡದಲ್ಲೂ, ಅದಕ್ಕೆ ಸಮನಾದ ಪ್ರೋಟೀನನ್ನು ಭತ್ತದಲ್ಲೂ ತೋರಿಸಲಾಯಿತು.

ಈಗ ‘ಆಟೋ’ ಅಂದರೆ ಏನು ಅಂತ ಹೇಳುವುದು ಸುಲಭ. ಈ ಸರ್ಕೀಟಿನಲ್ಲಿ ಎಲ್ಲೋ ಒಂದು ತಂತಿ ತುಂಡಾಗಿದೆ. ಸೋಯಾಬೀನ್‌ನಲ್ಲಿ ಯಾವ ತಂತಿ ಅಂತಲೂ ಗೊತ್ತಿದೆ: ಇ3, ಇ4 ಎಂಬ ಎರಡು ಜೀನುಗಳು ಫೈಟೋಕ್ರೋಮ್ ತಯಾರಿಸುವಂಥವು. ಅವು ಕೆಟ್ಟ ಗಿಡಗಳಿಗೆ ಉದ್ದ ಹಗಲಿನ ತಡೆ ತಟ್ಟುವುದಿಲ್ಲ. ತಡೆ ಇಲ್ಲದಿದ್ದರೆ ಗಿಡ ತನ್ನ ವಯಸ್ಸಿಗೆ ತಾನು ಹೂ ಬಿಡುತ್ತದೆ. ಮೈಕ್ರೋಕಂಟ್ರೋಲರ್ ಕಲಿತವರಿಗೆ ಒಂದೇ ಮಾತಿನಲ್ಲಿ: ಒಂದು ಗಿಡ ಎಕ್ಸ್‌ಟರ್ನಲ್ ಇಂಟರಪ್ಟ್‌ಗೆ ಕಾಯುತ್ತದೆ, ಇನ್ನೊಂದು ತನ್ನ ಒಳಗಿನ ಕೌಂಟರ್ ನೋಡಿಕೊಂಡು ಓಡುತ್ತದೆ.

ತಂತಿ ತುಂಡಾದ ಗಿಡಗಳು ಉಳಿದದ್ದು ಹೇಗೆ? ಉತ್ತರದ ಕಡೆ ಹೋದಷ್ಟೂ ಬೇಸಿಗೆಯ ಹಗಲು ವಿಪರೀತ ಉದ್ದ, ಬೇಸಿಗೆ ಮಾತ್ರ ಗಿಡ್ಡ. ರಾತ್ರಿ ಉದ್ದವಾಗಲಿ ಅಂತ ಕಾದ ಗಿಡ ಬೀಜ ಕಟ್ಟುವ ಮೊದಲೇ ಹಿಮಕ್ಕೆ ಸಾಯುತ್ತದೆ. ಕಾಯದೆ ಹೂ ಬಿಟ್ಟದ್ದು ಬದುಕುತ್ತದೆ. ಆ ಹುಡುಗ ಕೇಳಿದ ‘ಆಟೋಫ್ಲವರ್’ ಗುಣ ಬಂದಿರುವುದೂ ರಷ್ಯಾದ ಕಡೆ ಕಾಡಾಗಿ ಬೆಳೆಯುವ, 1924ರಲ್ಲಿ ರುಡೆರಾಲಿಸ್ ಅಂತ ಹೆಸರಿಟ್ಟ ಕುಳ್ಳ ಬಗೆಯಿಂದ. ಅನ್ನದ ಚರಿತ್ರೆಯಲ್ಲೂ ಇದೇ ಗುಣದ ಪಾತ್ರ ದೊಡ್ಡದು. ಬೋರ್ಲಾಗ್ ಮೆಕ್ಸಿಕೋದ ಎರಡು ಬೇರೆ ಬೇರೆ ಅಕ್ಷಾಂಶಗಳಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆದು ಗೋಧಿ ಆರಿಸಿದಾಗ, ಹಗಲಿನ ಉದ್ದಕ್ಕೆ ತಲೆಕೆಡಿಸಿಕೊಳ್ಳದ ಗೋಧಿಯೇ ಉಳಿದುಕೊಂಡಿತು. ಅದಕ್ಕೇ ಅದು ಭಾರತದಲ್ಲೂ ಬೆಳೆಯಿತು. 1966ರಲ್ಲಿ ಬಂದ ಐಆರ್8 ಭತ್ತವೂ ಅಂಥದ್ದೇ. ವರ್ಷಕ್ಕೆ ಎರಡು ಭತ್ತದ ಬೆಳೆ ಎಂಬ ಮಾತು ವ್ಯಾಪಕವಾದದ್ದರಲ್ಲಿ ಇದರ ಪಾಲು ಇದೆ.

ಎರಡು ಅವರೆ

ನಾಟಿ ಅವರೆ ಹಳೆ ಮೈಸೂರು ಸೀಮೆಯಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತ ಬಂದ ಬೆಳೆ. ಮುಂಗಾರಿನಲ್ಲಿ ಎರಡನ್ನೂ ಬಿತ್ತುತ್ತಾರೆ. ಅವರೆ ಎಲೆ, ಬಳ್ಳಿ ಅಂತ ಹಬ್ಬುತ್ತ ಕೂತಿರುತ್ತದೆ. ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ರಾತ್ರಿ ಉದ್ದವಾಗಿ ಅವರೆ ಹೂವಿಗೆ ಬರುತ್ತದೆ. ರಾಗಿ ಕೊಯ್ದ ಮೇಲೆ ಹೊಲ ಪೂರ್ತಿ ಅದರದ್ದೇ: ನೆಲದಲ್ಲಿ ಉಳಿದ ತೇವ, ಬೆಳಗಿನ ಇಬ್ಬನಿ, ಬಿಸಿಲು. ಮಳೆ ನಿಂತಿರುವುದರಿಂದ ಹೂವೂ ಉದುರುವುದಿಲ್ಲ. ‘ಕಾಯುವ ಗುಣ’ ಇಲ್ಲಿ ದೋಷವಲ್ಲ, ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ. ಮುಂಗಾರು ಒಂದು ತಿಂಗಳು ತಡವಾಗಿ ಬಿತ್ತನೆ ಹಿಂದೆ ಬಿದ್ದರೂ ಸಂಕ್ರಾಂತಿಗೆ ಕಾಯಿ ಸಿಗುತ್ತದೆ. ಗಿಡ ಸ್ವಲ್ಪ ಚಿಕ್ಕದಾಗಿರುತ್ತದೆ ಅಷ್ಟೇ.

ಹೆಬ್ಬಾಳ ಅವರೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೊಡುಗೆ. ಈಗ ಹೆಚ್ಚು ಕೇಳಿಬರುವುದು ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4. ಇವು ಬಳ್ಳಿ ಹಬ್ಬುವುದಿಲ್ಲ. ಮೊಣಕಾಲಿಗಿಂತ ಸ್ವಲ್ಪ ಎತ್ತರದ ಪೊದೆ, ತುದಿಯಲ್ಲೇ ಹೂಗೊಂಚಲು. ಬಿತ್ತಿ ಸುಮಾರು ಒಂದೂವರೆ ತಿಂಗಳಿಗೆ ಹೂವು, ಎರಡು–ಎರಡೂವರೆ ತಿಂಗಳಿಗೆ ಹಸಿಕಾಯಿ. ಚಳಿ, ಸೆಕೆಗೆ ತಕ್ಕಂತೆ ದಿನಗಳು ಹಿಂದೆ ಮುಂದೆ ಆಗುತ್ತವೆ, ಆದರೆ ಹಗಲು ಉದ್ದ ಎಂಬ ಕಾರಣಕ್ಕೆ ನಿಂತುಬಿಡುವುದಿಲ್ಲ. ನೀರಿದ್ದರೆ ಬೇಸಿಗೆಯಲ್ಲೂ ಬೆಳೆಯಬಹುದು.

ಕುಂಡದಲ್ಲಿ ಯಾವುದು?

ಮನೆ ಮಹಡಿಗೋ ಹಾಸ್ಟೆಲ್ ಟೆರೇಸಿಗೋ ಯಾವುದು ಒಳ್ಳೆಯದು ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಹೀಗೆ ಹೋಲಿಸಿ ನೋಡಿ.

ಜಾಗ: ಹೆಬ್ಬಾಳ ಅವರೆಗೆ ಒಂದಡಿ ಅಗಲದ ಕುಂಡ ಸಾಕು. ನಾಟಿ ಬಳ್ಳಿಗೆ ಹಳೆ ಪೇಂಟ್ ಬಕೆಟ್ಟಿನಷ್ಟಾದರೂ ಮಣ್ಣು, ಹಬ್ಬಲು ಚಪ್ಪರವೋ ಕಂಬಿಯೋ ಬೇಕು.

ಸಮಯ: ಒಂದು ಸೆಮಿಸ್ಟರ್ ಒಳಗೆ ಬಿತ್ತಿ ಕಾಯಿ ತಿನ್ನಬೇಕಾದರೆ ಹೆಬ್ಬಾಳ ಅವರೆಯೇ. ನಾಟಿಯನ್ನು ಜುಲೈ–ಆಗಸ್ಟ್‌ನಲ್ಲಿ ಬಿತ್ತಿ ಡಿಸೆಂಬರ್–ಜನವರಿವರೆಗೆ ಕಾಯಬೇಕು. ಫೆಬ್ರುವರಿ–ಮಾರ್ಚ್‌ನಲ್ಲಿ ನಾಟಿ ಬಿತ್ತಿದರೆ ಮುಂದೆ ಬರುವುದೆಲ್ಲ ಉದ್ದ ಹಗಲು. ಸೊಪ್ಪು ಬೆಳೆಸಿಕೊಂಡು ಕೂರಬೇಕಾಗುತ್ತದೆ.

ತಪ್ಪಿಗೆ ಕ್ಷಮೆ: ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಯಸ್ಸು ನೋಡಿ ಹೂ ಬಿಡುವ ಗಿಡ ಯಾರಿಗೂ ಕಾಯುವುದಿಲ್ಲ. ಇಂಟರ್ನಲ್ಸ್ ಅಂತ ಮೊದಲ ಮೂರು ವಾರ ನೀರು ಮರೆತರೆ, ಸಸಿ ಕಿತ್ತು ಬೇರೆ ಕುಂಡಕ್ಕೆ ಹಾಕಿ ಬೇರಿಗೆ ಪೆಟ್ಟಾದರೆ, ಅದು ಚೇತರಿಸಿಕೊಳ್ಳುವಷ್ಟರಲ್ಲಿ ಹೂವಿನ ದಿನ ಬಂದುಬಿಡುತ್ತದೆ. ಅರ್ಧ ಗಿಡ, ನಾಲ್ಕು ಕಾಯಿ. ಆದ್ದರಿಂದ ಹೆಬ್ಬಾಳ ಅವರೆಯನ್ನು ಬೆಳೆಯುವ ಕುಂಡದಲ್ಲೇ ನೇರ ಬಿತ್ತಿ. ನಾಟಿ ಅವರೆಗೆ ಜುಲೈನಲ್ಲಿ ಪೆಟ್ಟಾದರೆ ಅಕ್ಟೋಬರ್‌ವರೆಗೆ ಸುಧಾರಿಸಿಕೊಳ್ಳಲು ಸಮಯ ಇದೆ.

ಕೊಯ್ಲು: ಹೆಬ್ಬಾಳ ಅವರೆಯ ಕಾಯಿ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ, ಎರಡು ಮೂರು ಸಲ ಬಿಡಿಸಿದರೆ ಮುಗಿಯಿತು. ನಾಟಿ ವಾರಗಟ್ಟಲೆ ಹೂ ಬಿಡುತ್ತ ಕಾಯಿ ಕೊಡುತ್ತ ಹೋಗುತ್ತದೆ. ಕಾಯಿಕೊರಕ ಹುಳಕ್ಕೂ ಅಷ್ಟೇ ವಾರಗಳ ಹಬ್ಬ.

ಬೆಳಕಿನ ಶಿಸ್ತು: ಎರಡಕ್ಕೂ ಹಗಲಿನಲ್ಲಿ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಆದರೆ ನಾಟಿಗೆ ರಾತ್ರಿಯ ಕತ್ತಲೂ ಬೇಕು. ನಾವು ಎಡವಿದ್ದು ಇಲ್ಲೇ.

ಉಳಿದದ್ದು ಎರಡಕ್ಕೂ ಸಮಾನ. ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರದ ಮಿಶ್ರಣ. ನೀರು ಬಸಿದುಹೋಗಲು ತಳದಲ್ಲಿ ತೂತು. ಒಂದೂವರೆ ಇಂಚು ಆಳದಲ್ಲಿ ಬೀಜ. ಅವರೆ ದ್ವಿದಳ ಧಾನ್ಯ. ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಯೂರಿಯಾ ಸುರಿಯಬೇಡಿ, ಎಲೆ ಜಾಸ್ತಿಯಾಗುತ್ತದೆ ಅಷ್ಟೇ.

ನಮ್ಮ ಕುಂಡಕ್ಕೆ ಆದದ್ದು

ನಮ್ಮಲ್ಲೊಬ್ಬನ ಊರಿನಿಂದ ಅವನ ಅಜ್ಜಿ ಕೊಟ್ಟ ನಾಟಿ ಬೀಜ, ಕೃಷಿ ಮೇಳದಲ್ಲಿ ಕೊಂಡ ಹೆಬ್ಬಾಳ ಅವರೆ-4 ಬೀಜ – ಎರಡನ್ನೂ ಜುಲೈನಲ್ಲಿ ಟೆರೇಸಿನ ಎರಡು ಕೊನೆಗಳಲ್ಲಿ ಹಾಕಿದೆವು. ಹೆಬ್ಬಾಳ ಅವರೆ ಎರಡೂ ಕಡೆ ಸೆಪ್ಟೆಂಬರ್‌ನಲ್ಲೇ ಹೂ ಬಿಟ್ಟಿತು. ನಾಟಿಯಲ್ಲಿ ಮೆಟ್ಟಿಲ ಮನೆ ಹಿಂದಿನ ಗಿಡಕ್ಕೆ ನವೆಂಬರ್‌ನಲ್ಲಿ ಹೂವು ಬಂತು. ನೀರಿನ ಟ್ಯಾಂಕ್ ಪಕ್ಕದ ಗಿಡ ಮಾತ್ರ ಕಂಬಿ ತುಂಬ ಹಬ್ಬಿ, ಹಸಿರಾಗಿ, ದಷ್ಟಪುಷ್ಟವಾಗಿ ಸುಮ್ಮನೆ ನಿಂತಿತ್ತು. ಗೊಬ್ಬರ ಕಡಿಮೆಯಾಯಿತೇನೋ ಅಂತ ಹಾಕಿದೆವು. ನೀರು ಜಾಸ್ತಿಯಾಯಿತೇನೋ ಅಂತ ನಿಲ್ಲಿಸಿದೆವು. ಕೊನೆಗೆ ಕ್ಯಾಂಪಸ್ಸಿನ ತೋಟ ನೋಡಿಕೊಳ್ಳುವ ಅಣ್ಣ ಒಂದು ಸಂಜೆ ಮೇಲೆ ಬಂದವರು ಗಿಡ ನೋಡಲಿಲ್ಲ, ತಲೆ ಎತ್ತಿ ನೋಡಿದರು. “ಏನ್ರಪ್ಪ, ರಾತ್ರಿಯೆಲ್ಲ ಫ್ಲಡ್‌ಲೈಟ್ ಉರೀತಿರುತ್ತೆ ಇಲ್ಲಿ. ಅದಕ್ಕೆ ರಾತ್ರಿ ಅಂತ ಆಗೋದು ಯಾವಾಗ, ಹೂ ಬಿಡೋದು ಯಾವಾಗ?”

ಫೈಟೋಕ್ರೋಮ್ ಬಗ್ಗೆ ಓದಿದ್ದವರು ನಾವು. ನೋಡಿದವರು ಅವರು.

ಡಿಸೆಂಬರ್ ಮೊದಲ ವಾರ ಬಳ್ಳಿಯನ್ನು ಬಿಡಿಸಿ ಬಕೆಟ್ಟನ್ನು ಕತ್ತಲ ಕಡೆ ಸರಿಸಿದೆವು. ಪರೀಕ್ಷೆ, ರಜೆ ಮುಗಿಸಿ ಬಂದಾಗ ನೇರಳೆ ಮೊಗ್ಗು ಕಂಡವು. ಇದು ತಮಾಷೆಯ ಸಂಗತಿ ಅಷ್ಟೇ ಅಲ್ಲ. ರಸ್ತೆಗೆ ಹೊಸ ದೀಪ ಬಂದಾಗ ಅದರ ಕೆಳಗಿನ ಸೋಯಾಬೀನ್ ಸಾಲು ಉಳಿದದ್ದು ಒಣಗಿದ ಮೇಲೂ ಹಸಿರಾಗಿಯೇ ನಿಲ್ಲುವುದು ಜಗತ್ತಿನ ಹಲವು ಕಡೆ ಕಂಡಿರುವ ಸಮಸ್ಯೆ. ನಮ್ಮಲ್ಲೂ ಹೆದ್ದಾರಿ, ಲೇಔಟು, ಗೋಡೌನುಗಳ ದೀಪ ಹೊಲದ ಅಂಚಿಗೆ ಬಂದಿದೆ. ನಾಳೆ ಲೈಟಿಂಗ್ ಡಿಸೈನ್ ಮಾಡುವವರು ನಾವೇ. ದೀಪಕ್ಕೆ ಒಂದು ಮುಸುಕು, ಕೆಳಗೆ ಮಾತ್ರ ಬೀಳುವ ಕೋನ – ಇಷ್ಟು ಯೋಚಿಸಿದರೆ ಒಬ್ಬ ರೈತನ ನಾಲ್ಕು ಸಾಲು ಉಳಿಯುತ್ತವೆ.

ಸೊಗಡಿನ ಲೆಕ್ಕ

ಹಾಗಾದರೆ ಎಲ್ಲರೂ ಹೆಬ್ಬಾಳ ಅವರೆಯನ್ನೇ ಬೆಳೆದರೆ ಆಯಿತಲ್ಲ? ರೈತರಿಗೆ ವರ್ಷದಲ್ಲಿ ಯಾವಾಗ ಬೇಕಾದರೂ ಬೆಳೆ, ಸೀಸನ್ ಅಲ್ಲದಾಗ ಒಳ್ಳೆ ರೇಟು. ನಿಜವಾದ ಲಾಭ ಅದು, ಅಲ್ಲಗಳೆಯುವಂತಿಲ್ಲ.

ಆದರೆ ಡಿಸೆಂಬರ್ ಸಂಜೆ ಸಂತೆಯಲ್ಲಿ ಅವರೆಕಾಯಿ ರಾಶಿಯ ಮುಂದೆ ಅಮ್ಮಂದಿರು ಮಾಡುವುದನ್ನು ನೋಡಿ. ಕಾಯಿ ಕೈಗೆತ್ತಿಕೊಳ್ಳುತ್ತಾರೆ, ಮೂಸುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಅವರು ಹುಡುಕುತ್ತಿರುವುದು ಸೊಗಡು – ಕಾಯಿಯ ಮೈಮೇಲೆ ಜಿನುಗುವ ಎಣ್ಣೆಯಂಥ ಅಂಟಿನ ವಾಸನೆ, ಬಿಡಿಸಿದ ಕೈಯಲ್ಲಿ ರಾತ್ರಿಯವರೆಗೂ ಉಳಿಯುವಂಥದ್ದು. ಹೆಬ್ಬಾಳದ ತಳಿಗಳಲ್ಲಿ ಈ ಸೊಗಡು ನಾಟಿಯಷ್ಟು ಇಲ್ಲ ಎನ್ನುವುದು ಕೊಳ್ಳುವವರಿಗೂ ಗೊತ್ತು, ತಳಿ ಅಭಿವೃದ್ಧಿ ಮಾಡುವವರಿಗೂ ಗೊತ್ತು. ಹಗಲಿನ ಕಟ್ಟು ಬಿಡಿಸಿಕೊಂಡ ಗಿಡದಲ್ಲಿ ಸೊಗಡನ್ನೂ ಉಳಿಸಿಕೊಳ್ಳುವುದು ಹೇಗೆ ಎಂಬುದು ಅವರ ಮುಂದಿರುವ ನಿಜವಾದ ಸವಾಲು. ಅದಕ್ಕೆ ಬೇಕಾದ ಜೀನು ಇರುವುದು ನಾಟಿ ಬೀಜಗಳಲ್ಲೇ. ನಾಟಿ ಬೀಜ ಮನೆಗಳಿಂದ ಮಾಯವಾದರೆ ಆ ಕೆಲಸಕ್ಕೆ ಕಚ್ಚಾ ವಸ್ತುವೇ ಇರುವುದಿಲ್ಲ.

ನಮ್ಮ ಗೆಳೆಯನ ಅಜ್ಜಿ ಬೀಜ ಕೊಡುವಾಗ ಎಷ್ಟು ಕೊಟ್ಟಿದ್ದರು ಗೊತ್ತೇ? ಒಂದು ಹಿಡಿ. “ಈ ವರ್ಷ ಊರಲ್ಲಿ ನಾನೊಬ್ಬಳೇ ಹಾಕಿರೋದು, ಹಾಳು ಮಾಡಬೇಡ್ರಿ” ಅಂದಿದ್ದರಂತೆ. ಫ್ಲಡ್‌ಲೈಟ್ ಕೆಳಗಿನ ಗಿಡದಲ್ಲಿ ಕೊನೆಗೂ ಬಂದ ಕಾಯಿಗಳನ್ನು ನಾವು ತಿನ್ನಲಿಲ್ಲ. ಗಿಡದಲ್ಲೇ ಒಣಗಲು ಬಿಟ್ಟು ಬೀಜ ಮಾಡಿದೆವು. ಅವರೆ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆ, ಆದರೂ ಜೇನ್ನೊಣದಿಂದ ಸ್ವಲ್ಪ ಬೆರಕೆ ಆಗಬಹುದು. ಹೆಬ್ಬಾಳ ಅವರೆ ಎರಡು ತಿಂಗಳ ಮೊದಲೇ ಹೂ ಮುಗಿಸಿದ್ದರಿಂದ ಆ ಭಯ ಇರಲಿಲ್ಲ.

ಮಾಡಿ ನೋಡಿ

ನಮ್ಮದು ಪ್ರಯೋಗ ಅಲ್ಲ ಅಂತ ಒಪ್ಪಿಕೊಳ್ಳಬೇಕು. ಒಂದೊಂದು ಕಡೆ ಒಂದೊಂದೇ ಗಿಡ. ಟ್ಯಾಂಕ್ ಪಕ್ಕ ಬಿಸಿಲೂ ಬೇರೆ, ನೀರೂ ಬೇರೆ. ಈ ಸಲ ಸರಿಯಾಗಿ ಮಾಡೋಣ ಅಂತಿದ್ದೇವೆ. ಎರಡು ತಳಿ, ಎರಡು ಬಗೆಯ ರಾತ್ರಿ, ಪ್ರತಿಯೊಂದಕ್ಕೆ ಮೂರು ಕುಂಡ – ಒಟ್ಟು 12. ಆಗಸ್ಟ್‌ನಲ್ಲಿ ಒಂದೇ ದಿನ ಬಿತ್ತನೆ. ಅರ್ಧ ಕುಂಡಗಳಿಗೆ ರಾತ್ರಿ 11ರಿಂದ 1ರವರೆಗೆ 660 ನ್ಯಾನೋಮೀಟರ್‌ನ ಕೆಂಪು ಎಲ್‌ಇಡಿ. ಒಂದು ಇಎಸ್‌ಪಿ32, ಒಂದು ಆರ್‌ಟಿಸಿ ಮಾಡ್ಯೂಲ್, ಒಂದು ರಿಲೇ ಸಾಕು. ಉಳಿದರ್ಧಕ್ಕೆ ಬೆಳಕು ಸೋರದ ಹಾಗೆ ನಡುವೆ ಕಪ್ಪು ತಟ್ಟು. ಲಕ್ಸ್ ಸೆನ್ಸರ್ ಇಡುವವರು ಒಂದು ನೆನಪಿಡಿ: ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಅಳತೆ, ಎಲೆಯ ಅಳತೆ ಅಲ್ಲ. ಬೆಳಕು ಸೋರಿದೆಯಾ ಅಂತ ನೋಡಲು ಆಗುತ್ತದೆ, ಗಿಡಕ್ಕೆ ಎಷ್ಟು ತಟ್ಟಿತು ಅಂತ ಹೇಳಲು ಆಗುವುದಿಲ್ಲ.

ಬರೆದುಕೊಳ್ಳಬೇಕಾದದ್ದು ಎರಡೇ: ಮೊದಲ ಮೊಗ್ಗು ಕಂಡ ದಿನಾಂಕ, ಮತ್ತು ಅದು ಕೆಳಗಿನಿಂದ ಎಷ್ಟನೇ ಗಿಣ್ಣಿನಲ್ಲಿ ಬಂತು. ಗಿಣ್ಣಿನ ಲೆಕ್ಕ ಮುಖ್ಯ, ಯಾಕೆಂದರೆ ಗಿಡ ನಿಧಾನಕ್ಕೆ ಬೆಳೆದದ್ದಕ್ಕೆ ಹೂ ತಡವಾಯಿತಾ, ಅಥವಾ ನಿಜವಾಗಿ ಕಾದಿತ್ತಾ ಎಂಬುದು ಅದರಿಂದಲೇ ತಿಳಿಯುತ್ತದೆ. ನಾವು ಓದಿದ್ದು ಸರಿಯಾಗಿದ್ದರೆ ಹೆಬ್ಬಾಳ ಅವರೆಯ ಆರು ಕುಂಡಗಳಲ್ಲಿ ದೀಪ ಇದ್ದದ್ದಕ್ಕೂ ಇಲ್ಲದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಬಾರದು. ನಾಟಿಯಲ್ಲಿ ಎದ್ದು ಕಾಣಬೇಕು.

ಬೀಜ ನಮ್ಮಲ್ಲಿದೆ, ಒಂದು ಹಿಡಿಗಿಂತ ಈಗ ಸ್ವಲ್ಪ ಜಾಸ್ತಿಯೇ. ಪ್ರಶ್ನೆ ಕೇಳಿದ ಹುಡುಗ ಮೂರು ಕುಂಡ ನೋಡಿಕೊಳ್ಳುತ್ತೇನೆ ಅಂತ ಆಗಲೇ ಹೆಸರು ಬರೆಸಿದ್ದಾನೆ. ಇನ್ನೂ ಒಂಬತ್ತು ಕುಂಡಗಳಿಗೆ ಜನ ಬೇಕು. ಷರತ್ತು ಒಂದೇ: ಬೆಳೆದ ನಾಟಿ ಕಾಯಿಯಲ್ಲಿ ಅರ್ಧ ಸಾರಿಗೆ, ಅರ್ಧ ಬೀಜಕ್ಕೆ. ಬೀಜದಲ್ಲಿ ಒಂದು ಹಿಡಿ ಅಜ್ಜಿಗೆ ವಾಪಸ್.